27ಕ್ಕೆ ಆಲೌಟ್ ಆದವರ ಮುಂದಿನ ದಿನಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ವೆಸ್ಟ್ ಇಂಡೀಸ್ ತಂಡದ ಬಗ್ಗೆಯೇ ಇದ್ದವು. ಶಿವಮೊಗ್ಗದಲ್ಲಿ ಮಕ್ಕಳಿಗೆ ಕ್ರಿಕೆಟ್ ಕಲಿಸುವ ಹಿರಿಯ ಕೋಚ್ ಒಬ್ಬರು ಉತ್ತರಿಸಿದ್ದಾರೆ.

ಸರ್, 2025ರ ಜುಲೈ 14ಕ್ಕೆ ಶರಾವತಿ ಹಿನ್ನೀರಿನ ಮೇಲೆ ನಮ್ಮ ಸಿಗಂದೂರು ಸೇತುವೆ ಉದ್ಘಾಟನೆ ಆಯಿತು. ಆ ರಾತ್ರಿ ಖುಷಿಯಲ್ಲಿ ನಿದ್ದೆ ಬರಲಿಲ್ಲ, ಮೊಬೈಲ್‌ನಲ್ಲಿ ಸ್ಕೋರ್ ನೋಡುತ್ತಾ ಕೂತಿದ್ದೆ. ಜಮೈಕಾದಲ್ಲಿ ಆಸ್ಟ್ರೇಲಿಯಾ ವಿರುದ್ಧ ವೆಸ್ಟ್ ಇಂಡೀಸ್ 27ಕ್ಕೆ ಆಲೌಟ್! ಈ ತಂಡದ ಕಥೆ ಮುಗಿಯಿತಾ?
– ಕಾಲೇಜು ವಿದ್ಯಾರ್ಥಿ, ತುಮರಿ

ಮುಗಿದಿಲ್ಲ ತಮ್ಮಾ. ಆದರೆ ನಿನಗೆ ಆದ ಗಾಬರಿ ನನಗೂ ಆಯಿತು. ಟೆಸ್ಟ್ ಇತಿಹಾಸದಲ್ಲಿ ಅದಕ್ಕಿಂತ ಕಡಿಮೆ ಮೊತ್ತ ಒಂದೇ ಒಂದು, 1955ರಲ್ಲಿ ನ್ಯೂಜಿಲೆಂಡ್ ಮಾಡಿದ 26. ಏಳು ಮಂದಿ ಸೊನ್ನೆ ಸುತ್ತಿದರು. ಆಸ್ಟ್ರೇಲಿಯಾದ ವೇಗಿ ಮಿಚೆಲ್ ಸ್ಟಾರ್ಕ್ ಮೊದಲ 15 ಎಸೆತಗಳಲ್ಲೇ ಐದು ವಿಕೆಟ್ ಕಿತ್ತರು. ಇದು ಏಕಾಏಕಿ ಬಂದದ್ದೂ ಅಲ್ಲ. 1975 ಮತ್ತು 1979ರ ವಿಶ್ವಕಪ್ ಗೆದ್ದ ತಂಡ 2023ರ ವಿಶ್ವಕಪ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. ಸ್ಕಾಟ್ಲೆಂಡ್ ಎದುರು ಸೋತು ಮನೆಗೆ ಹೋಯಿತು.

ಈಗ ಇನ್ನೊಂದು ಕಡೆ ನೋಡು. 2024ರ ಜನವರಿಯಲ್ಲಿ ಇದೇ ತಂಡ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾವನ್ನು 8 ರನ್‌ಗಳಿಂದ ಸೋಲಿಸಿತು. ಆ ನೆಲದಲ್ಲಿ 27 ವರ್ಷಗಳ ನಂತರ ಟೆಸ್ಟ್ ಗೆಲುವು. 2025ರ ಜನವರಿಯಲ್ಲಿ ಮುಲ್ತಾನ್‌ನಲ್ಲಿ ಪಾಕಿಸ್ತಾನದ ವಿರುದ್ಧ ಟೆಸ್ಟ್ ಗೆದ್ದಿತು. 27ರ ಅವಮಾನ ಆಗಿ ಒಂದು ತಿಂಗಳಿಗೆ ಪಾಕಿಸ್ತಾನದ ಮೇಲೆ ಏಕದಿನ ಸರಣಿಯನ್ನೂ ಗೆದ್ದಿತು, 1991ರ ನಂತರ ಮೊದಲ ಸಲ. ಅದರ ಬೆನ್ನಿಗೇ ನೇಪಾಳದ ಎದುರು ಟಿ20 ಸರಣಿ ಸೋತಿತು! ಒಂದು ದಿನ ಯಾರನ್ನು ಬೇಕಾದರೂ ಹೊಡೆದು ಹಾಕುವ ತಂಡ ಇದು. ಆ ಆಟವನ್ನು ಮೂರು ತಿಂಗಳು ಉಳಿಸಿಕೊಳ್ಳೋದು ಮಾತ್ರ ಗೊತ್ತಿಲ್ಲ.

ಬ್ರಿಸ್ಬೇನ್‌ನಲ್ಲಿ 68 ರನ್‌ಗೆ 7 ವಿಕೆಟ್ ಕಿತ್ತ ಶಮರ್ ಜೋಸೆಫ್ ಊರು ಯಾವುದು ಗೊತ್ತಾ? ಗಯಾನಾ ದೇಶದ ಬರಕಾರ ಎಂಬ ಪುಟ್ಟ ಹಳ್ಳಿ. ಅಲ್ಲಿಗೆ ನದಿಯಲ್ಲಿ ದೋಣಿಯಲ್ಲೇ ಹೋಗಬೇಕು. ಹಿನ್ನೀರು ದಾಟಲು ಲಾಂಚ್‌ಗೆ ಕಾದು ಕಾದು ಬೆಳೆದ ತುಮರಿ ಹುಡುಗನಿಗೆ ಅದು ಏನೆಂದು ನಾನು ಹೇಳಬೇಕಾಗಿಲ್ಲ. ಬಾಲ್ ಇಲ್ಲದೆ ಹಣ್ಣುಗಳಲ್ಲೇ ಬೌಲಿಂಗ್ ಮಾಡಿ ಕಲಿತವರು. ಸೆಕ್ಯುರಿಟಿ ಗಾರ್ಡ್ ಕೆಲಸ ಮಾಡುತ್ತಿದ್ದರು. ಟೆಸ್ಟ್ ಆಡುವ ಮುಂಚೆ ಅವರು ಆಡಿದ್ದು ಐದೇ ಐದು ಪ್ರಥಮ ದರ್ಜೆ ಪಂದ್ಯ. ಕೇಳೋದಕ್ಕೆ ಖುಷಿಯಾಗುತ್ತದೆ, ಅಲ್ವಾ? ನನಗೆ ಖುಷಿಯ ಜೊತೆ ಚಿಂತೆಯೂ ಆಗುತ್ತದೆ. ಅಲ್ಲಿ ಪ್ರತಿಭೆ ಇನ್ನೂ ಹುಟ್ಟುತ್ತಿದೆ. ಅದನ್ನು ನಾಲ್ಕೈದು ವರ್ಷ ದೇಶೀಯ ಪಂದ್ಯಗಳಲ್ಲಿ ಆಡಿಸಿ ಹದ ಮಾಡುವ ವ್ಯವಸ್ಥೆ ಸೊರಗಿದೆ. ತಂಡದ ಭವಿಷ್ಯ ನಿಂತಿರೋದು ಇದೊಂದರ ಮೇಲೆ.

ನಾನು ಭದ್ರಾವತಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮೂರ ವಿಶ್ವನಾಥ್ ಎದುರಿಸಿದ ಆ ವೇಗದ ಬೌಲರ್‌ಗಳೆಲ್ಲ ಎಲ್ಲಿ ಹೋದರು? ಆ ಕಾಲ ಮತ್ತೆ ಬರುತ್ತದೆಯೇ?
– ಹಿರಿಯ ಓದುಗರು, ಭದ್ರಾವತಿ

ಯಜಮಾನ್ರೇ, ನಿಮ್ಮ ಪತ್ರ ಓದಿ ನನಗೆ ರೇಡಿಯೋ ಕಾಮೆಂಟರಿಯ ದಿನಗಳು ನೆನಪಾದವು. 1975ರ ಜನವರಿ, ಮದ್ರಾಸಿನ ಚೆಪಾಕ್. ವೆಸ್ಟ್ ಇಂಡೀಸ್ ವೇಗಿ ಆ್ಯಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತರೂ ಜಿ.ಆರ್. ವಿಶ್ವನಾಥ್ 97 ರನ್ ಮಾಡಿ ಔಟಾಗದೆ ಉಳಿದರು. ತಂಡದ ಒಟ್ಟು ಮೊತ್ತವೇ 190. ಪಂದ್ಯ ನಾವೇ ಗೆದ್ದೆವು.

ಮರುವರ್ಷದ ಕಥೆ ಇನ್ನೂ ದೊಡ್ಡದು. 1976ರ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತಕ್ಕೆ 403 ರನ್ ಗುರಿ. ಅವರ ನಾಯಕ ಕ್ಲೈವ್ ಲಾಯ್ಡ್ ಮೂವರು ಸ್ಪಿನ್ನರ್‌ಗಳನ್ನು ನಂಬಿದ್ದರು. ಗವಾಸ್ಕರ್ 102, ನಿಮ್ಮೂರಿನವರು 112. ಬರೀ ನಾಲ್ಕು ವಿಕೆಟ್ ಕಳೆದುಕೊಂಡು ಭಾರತ ಗೆದ್ದಿತು. ಸ್ಪಿನ್ ಮೇಲಿನ ನಂಬಿಕೆ ಲಾಯ್ಡ್‌ಗೆ ಅಲ್ಲೇ ಹೋಯಿತು. ನಾಲ್ವರು ವೇಗಿಗಳ ದಾಳಿ ಬೆಳೆದದ್ದು ಆ ಸೋಲಿನ ನಂತರ. ಅದರ ಮೊದಲ ಪೆಟ್ಟು ತಿಂದವರೂ ನಮ್ಮವರೇ. ಮುಂದಿನ ಟೆಸ್ಟ್ ಜಮೈಕಾದ ಸಬೀನಾ ಪಾರ್ಕ್‌ನಲ್ಲಿ. ವಿಶ್ವನಾಥ್ ಬೆರಳು ಮುರಿಯಿತು, ಬ್ರಿಜೇಶ್ ಪಟೇಲ್ ಬಾಯಿಗೆ ಪೆಟ್ಟು ಬಿತ್ತು. ಎರಡನೇ ಇನಿಂಗ್ಸ್‌ನಲ್ಲಿ ಐದು ಮಂದಿ ಬ್ಯಾಟ್ ಹಿಡಿಯಲೇ ಇಲ್ಲ. ವೆಸ್ಟ್ ಇಂಡೀಸ್ 27ಕ್ಕೆ ಕುಸಿದದ್ದೂ ಅದೇ ಸಬೀನಾ ಪಾರ್ಕ್‌ನಲ್ಲಿ. ಇದು ನನ್ನನ್ನು ತುಂಬಾ ಕಾಡಿತು.

1980ರ ಮಧ್ಯದಿಂದ 1995ರ ಆರಂಭದವರೆಗೆ ವೆಸ್ಟ್ ಇಂಡೀಸ್‌ನವರು ಒಂದೂ ಟೆಸ್ಟ್ ಸರಣಿ ಸೋಲಲಿಲ್ಲ. ಇದಕ್ಕೆ ಬರೀ ಮೈಕಟ್ಟು ಕಾರಣ ಅಲ್ಲ. ಅವರೆಲ್ಲ ಇಂಗ್ಲೆಂಡಿನ ಕೌಂಟಿಗಳಲ್ಲಿ, ಅಂದರೆ ಅಲ್ಲಿನ ದೇಶೀಯ ತಂಡಗಳಲ್ಲಿ, ಪಳಗಿದವರು. ರಿಚರ್ಡ್ಸ್, ಗಾರ್ನರ್ ಸಾಮರ್‌ಸೆಟ್‌ಗೆ, ಮಾರ್ಷಲ್, ಗ್ರೀನಿಜ್ ಹ್ಯಾಂಪ್‌ಶೈರ್‌ಗೆ ಬೇಸಿಗೆ ಪೂರ್ತಿ ಆಡುತ್ತಿದ್ದರು. ಚಳಿ, ಮೋಡ, ಒದ್ದೆ ಪಿಚ್, ದಿನಕ್ಕೆ ಇಪ್ಪತ್ತು ಓವರ್. ಅದೇ ಅವರ ಪಾಠಶಾಲೆ. ಈಗಿನ ಹುಡುಗ ಅದೇ ಬೇಸಿಗೆಯಲ್ಲಿ ನಾಲ್ಕು ಓವರ್ ಹಾಕುವ ಲೀಗ್‌ಗಳಿಗೆ ಹೋಗುತ್ತಾನೆ. ಊರಿಗೆ ಬಂದರೆ ಪಿಚ್‌ಗಳೂ ಮೊದಲಿನ ಹಾಗಿಲ್ಲ, ಎಷ್ಟೋ ಕಡೆ ನಿಧಾನವಾಗಿವೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಅವರ ಹುಡುಗರನ್ನು ಎಳೆದುಕೊಂಡಿತು ಅಂತ ಹೇಳುವವರಿದ್ದಾರೆ. ನನಗೆ ಅದು ಅಷ್ಟು ದೊಡ್ಡ ಕಾರಣ ಅನ್ನಿಸೋದಿಲ್ಲ. ಜೇಡನ್ ಸೀಲ್ಸ್, ಶಮರ್, ಅಲ್ಜಾರಿ ಜೋಸೆಫ್ ಇರುವ ಕಡೆ ವೇಗಕ್ಕೆ ಬರ ಅನ್ನೋದು ಹೇಗೆ? ಬರ ಇರೋದು ಬ್ಯಾಟಿಂಗ್‌ನಲ್ಲಿ.

ಆ 15 ವರ್ಷ ಮತ್ತೆ ಬರೋದಿಲ್ಲ, ನಿಮಗೆ ಸುಳ್ಳು ಹೇಳಲಾರೆ. ಆದರೆ ತಮ್ಮ ನೆಲದಲ್ಲಿ ಯಾರಿಗೂ ಸುಲಭವಾಗಿ ಬಗ್ಗದ ತಂಡ ಐದಾರು ವರ್ಷದಲ್ಲಿ ಆಗಬಹುದು.

ನಾನು ಅಡಿಕೆ ಬೆಳೆಗಾರ, ಕ್ರಿಕೆಟ್ ಹುಚ್ಚು ಇದೆ. ವೆಸ್ಟ್ ಇಂಡೀಸ್ ಒಂದು ದೇಶವೇ ಅಲ್ಲವಲ್ಲ. ಸುಮ್ನೆ ಜಮೈಕಾ, ಬಾರ್ಬಡೋಸ್ ಅಂತ ಬೇರೆ ಬೇರೆ ತಂಡ ಮಾಡಿದರೆ ಆಗದೇ?
– ಓದುಗರು, ತೀರ್ಥಹಳ್ಳಿ

ಬೇಡ ಅನ್ನುತ್ತೇನೆ. ಬಾರ್ಬಡೋಸ್ ಜನಸಂಖ್ಯೆ ಮೂರು ಲಕ್ಷ ಮುಟ್ಟೋದಿಲ್ಲ. 2011ರ ಜನಗಣತಿಯಲ್ಲೇ ಶಿವಮೊಗ್ಗ ನಗರದಲ್ಲಿ ಅದಕ್ಕಿಂತ ಜಾಸ್ತಿ ಜನರಿದ್ದರು. ಅಷ್ಟು ಸಣ್ಣ ನೆಲ ಸೋಬರ್ಸ್, ವಾರೆಲ್, ಮಾರ್ಷಲ್, ಗಾರ್ನರ್ ಅವರನ್ನು ಕೊಟ್ಟಿತು! ಆದರೂ ಒಂದೊಂದೇ ದ್ವೀಪಕ್ಕೆ ಟೆಸ್ಟ್ ತಂಡ ಸಾಕುವ ಶಕ್ತಿ ಇಲ್ಲ. ಕ್ರಿಕೆಟ್‌ನ ಜಾಗತಿಕ ಸಂಸ್ಥೆ ಐಸಿಸಿ ಹಂಚುವ ಆದಾಯದಲ್ಲಿ ಭಾರತಕ್ಕೆ ಶೇ 38ಕ್ಕೂ ಹೆಚ್ಚು, ಇಡೀ ವೆಸ್ಟ್ ಇಂಡೀಸ್‌ಗೆ ಶೇ 5ಕ್ಕಿಂತ ಕಡಿಮೆ. ಅದನ್ನೂ ಹರಿದು ಹಂಚಿದರೆ ಏನು ಉಳಿಯುತ್ತದೆ? ನಾವು ರಣಜಿ ಆಡಲು ರೈಲಿನಲ್ಲೂ ಹೋಗಬಹುದು. ಅವರು ಬೇರೆ ದ್ವೀಪದಲ್ಲಿ ಆಡಬೇಕಾದರೆ ಸಮುದ್ರ ದಾಟಿ ವಿಮಾನದಲ್ಲಿ ಹೋಗಬೇಕು. ಇದ್ದ ದುಡ್ಡು ಅಲ್ಲೇ ಕರಗುತ್ತದೆ.

ಬೇರೆಯಾಗಲೇಬೇಕಾದ ಜಾಗವೂ ಒಂದಿದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಇದೆ, ಆದರೆ ಅಲ್ಲಿ ಒಂದೊಂದು ದೇಶವೂ ತನ್ನ ಹೆಸರಲ್ಲೇ ಆಡಬೇಕು, ವೆಸ್ಟ್ ಇಂಡೀಸ್ ಅನ್ನುವ ಹೆಸರಿಗೆ ಜಾಗ ಇಲ್ಲ. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲೂ ಬಾರ್ಬಡೋಸ್ ಮಹಿಳೆಯರು ತಮ್ಮ ದೇಶದ ಹೆಸರಲ್ಲೇ ಆಡಿದರು.

ನಿಮ್ಮ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಹಳೇ ಮರ ಬೀಳುವ ಮೊದಲೇ ಮಧ್ಯೆ ಸಸಿ ನೆಡುತ್ತೀರಿ. ಫಸಲಿಗೆ ಐದಾರು ವರ್ಷ ಕಾಯುತ್ತೀರಿ. ಅವರು ಗೆಲ್ಲುತ್ತಿದ್ದ ಕಾಲದಲ್ಲಿ ಸಸಿ ನೆಡಲಿಲ್ಲ. ಈಗ ನೆಟ್ಟದ್ದು ತಕ್ಷಣ ಫಲ ಕೊಡಲಿ ಅಂದರೆ ಆಗೋದಿಲ್ಲ. 2027ರ ವಿಶ್ವಕಪ್‌ನಲ್ಲಿ 14 ತಂಡಗಳಿವೆ, ಅಲ್ಲಿಗೆ ಅವರು ಬಂದೇ ಬರುತ್ತಾರೆ ಅಂತ ನನ್ನ ನಂಬಿಕೆ. ಟೆಸ್ಟ್‌ನಲ್ಲಿ ಇನ್ನೂ ಕೆಲವು ವರ್ಷ ಕಷ್ಟವೇ.

ಸರ್, ನನ್ನ ಮಗನಿಗೆ 14 ವರ್ಷ, ವೇಗದ ಬೌಲರ್. ವೆಸ್ಟ್ ಇಂಡೀಸ್‌ನ ಬ್ಯಾಟರ್ ನಿಕೋಲಸ್ ಪೂರನ್ ಒಂದೂ ಟೆಸ್ಟ್ ಆಡದೆ ದೊಡ್ಡವನಾದ, ನಾನೂ ಟಿ20 ಮಾತ್ರ ಆಡುತ್ತೇನೆ ಅನ್ನುತ್ತಾನೆ. ಏನು ಹೇಳಲಿ?
– ಒಬ್ಬ ತಾಯಿ, ಹೊಸನಗರ

ಅಮ್ಮಾ, ಅವನನ್ನು ಬೈಯಬೇಡಿ. ಪೂರನ್ 2025ರಲ್ಲಿ, 29ನೇ ವಯಸ್ಸಿಗೇ, ಅಂತರರಾಷ್ಟ್ರೀಯ ಕ್ರಿಕೆಟ್ ಬಿಟ್ಟರು. ಅವರನ್ನೂ ನಾನು ಬೈಯೋದಿಲ್ಲ. ಲೀಗ್‌ನ ದುಡ್ಡಿನ ಮುಂದೆ ಅವರ ಮಂಡಳಿ ಏನು ಕೊಡಲು ಸಾಧ್ಯ?

ಆದರೆ 14ಕ್ಕೇ ಆಯ್ಕೆ ಮಾಡಿಕೊಳ್ಳುವ ಅಗತ್ಯ ಇಲ್ಲ. ಕೆಂಪು ಚೆಂಡಿನಲ್ಲಿ ಒಂದೇ ಜಾಗಕ್ಕೆ ಮೂವತ್ತು ಎಸೆತ ಹಾಕಲು ಕಲಿತವನು ಟಿ20ಯಲ್ಲೂ ಬದುಕುತ್ತಾನೆ. ನಮ್ಮ ಮಳೆಯಲ್ಲಿ ಅಕ್ಟೋಬರ್ ತನಕ ಮೈದಾನ ಸಿಗೋದಿಲ್ಲ. ಅಷ್ಟು ದಿನ ಓಟ, ಗುಡ್ಡ ಹತ್ತೋದು, ಮನೆ ಅಂಗಳದಲ್ಲಿ ಚೆಂಡಿಲ್ಲದೆ ರನ್‌ಅಪ್ ಎಣಿಸೋದು ಮಾಡಲಿ. ಬಿಸಿಲು ಬಂದ ಮೇಲೆ ಶಿವಮೊಗ್ಗದ ನವುಲೆ ಕ್ರೀಡಾಂಗಣದಲ್ಲಿ ರಣಜಿ ಪಂದ್ಯ ನಡೆದರೆ ಒಂದು ಇಡೀ ದಿನ ಕರೆದುಕೊಂಡು ಹೋಗಿ ಕೂರಿಸಿ.

ಇನ್ನೊಂದು ಕೆಲಸ. 2025ರ ಡಿಸೆಂಬರ್‌ನಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ನಡೆದ ಟೆಸ್ಟ್‌ನ ಕೊನೆಯ ದಿನದ ವಿಡಿಯೋ ಅವನಿಗೆ ತೋರಿಸಿ. ನ್ಯೂಜಿಲೆಂಡ್ 531 ಗುರಿ ಕೊಟ್ಟಿತ್ತು. ವೆಸ್ಟ್ ಇಂಡೀಸ್‌ನ ಜಸ್ಟಿನ್ ಗ್ರೀವ್ಸ್ ಔಟಾಗದೆ 202. ಜೊತೆಗೆ ನಿಂತವರು ಕೆಮರ್ ರೋಚ್, ವಯಸ್ಸು 37, ವೇಗದ ಬೌಲರ್. 233 ಎಸೆತ ಆಡಿ 58 ರನ್ ಮಾಡಿ ಔಟಾಗದೆ ಉಳಿದರು. ಪಂದ್ಯ ಡ್ರಾ. ನೋಡಿದ ಮೇಲೆ ಅವನು ಏನಂದ ಅಂತ ನನಗೆ ಬರೆಯಿರಿ.