ಪ್ರತಿಕ್ರಿಯೆ: ತಂಪಿನಿಂದ ಕೊಲೆಗಡುಕ ಜೇನುನೊಣಗಳನ್ನು ತಡೆಯಬಹುದೇ?

ಅಮೆರಿಕದ ದೂರದರ್ಶನಕ್ಕಾಗಿ 1976ರಲ್ಲಿ ತಯಾರಾದ ‘ದಿ ಸ್ಯಾವೇಜ್ ಬೀಸ್’ ಚಿತ್ರದ ಕೊನೆಯಲ್ಲಿ, ಜೇನುನೊಣಗಳು ಮುತ್ತಿದ ಕಾರನ್ನು ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್ ಕ್ರೀಡಾಂಗಣದೊಳಗೆ ಓಡಿಸಿ, ಒಳಗಿನ ಗಾಳಿಯನ್ನು ತಂಪಾಗಿಸಿ ಅವುಗಳನ್ನು ನಿಶ್ಚಲಗೊಳಿಸುವುದು ನಿಜಕ್ಕೂ ಸಾಧ್ಯವೇ ಎಂದು ನೀವು ಕೇಳಿದ್ದೀರಿ. ತತ್ವ ಸರಿಯಾಗಿಯೇ ಇದೆ. ಹಾರಬೇಕಾದರೆ ಜೇನುನೊಣದ ಎದೆಯ ಸ್ನಾಯುಗಳು ಬೆಚ್ಚಗಿರಲೇಬೇಕು. ಸುತ್ತಲಿನ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಒಂಟಿ ನೊಣ ಮೊದಲು ಹಾರಲಾರದು, ಆಮೇಲೆ ಕಾಲನ್ನೂ ಆಡಿಸಲಾರದು. ಆದರೆ ಒತ್ತಾಗಿ ಗುಂಪುಗಟ್ಟಿದ ನೊಣಗಳು ಸ್ನಾಯುಗಳನ್ನು ಕಂಪಿಸಿ ಶಾಖ ಉತ್ಪಾದಿಸುತ್ತವೆಯಾದ್ದರಿಂದ, ಇಡೀ ಹಿಂಡು ಒಮ್ಮೆಗೇ ಮರಗಟ್ಟುವುದನ್ನು ನಾನು ನಂಬಲಾರೆ. ಅಷ್ಟು ವಿಶಾಲವಾದ ಕಟ್ಟಡ ತಣ್ಣಗಾಗಲು ಹಿಡಿಯುವ ಸಮಯವಂತೂ ಬೇರೆಯೇ ಮಾತು.

ಇಷ್ಟಾದರೂ ಈ ಬಗೆಯ ಅಗ್ಗದ ಚಿತ್ರಗಳ ಪೈಕಿ ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ, ಏಕೆಂದರೆ ಅದರ ಭಯಕ್ಕೆ ವಾಸ್ತವದ ಬೇರಿದೆ: 1957ರಲ್ಲಿ ಬ್ರೆಜಿಲ್‌ನ ಸಂಶೋಧನಾ ಜೇನುಗೂಡುಗಳಿಂದ ತಪ್ಪಿಸಿಕೊಂಡ ಆಫ್ರಿಕನ್ ತಳಿಯ ನೊಣಗಳು ಸ್ಥಳೀಯ ಯುರೋಪಿಯನ್ ತಳಿಯೊಂದಿಗೆ ಬೆರೆತು ಉತ್ತರಕ್ಕೆ ಹರಡುತ್ತಿದ್ದವು. ಅವು ಟೆಕ್ಸಾಸ್ ತಲುಪಿದ್ದು 1990ರಲ್ಲಿ, ಅಂದರೆ ಚಿತ್ರ ಬಂದು 14 ವರ್ಷಗಳ ನಂತರ. ಇಂತಹ ಚಿತ್ರಗಳು ಸಾಮಾನ್ಯವಾಗಿ ಬಿಂಬಿಸುವಂತೆ ಅವುಗಳ ಒಂದೊಂದು ಕುಟುಕೂ ಮಾರಕವಲ್ಲ. ವಿಷದ ಪ್ರಮಾಣ ಸಾಧಾರಣ ಜೇನುನೊಣದ್ದಕ್ಕಿಂತ ಹೆಚ್ಚೇನೂ ಇಲ್ಲ. ಅಪಾಯವಿರುವುದು ಗೂಡನ್ನು ಕಾಯಲು ಅವು ಭಾರಿ ಸಂಖ್ಯೆಯಲ್ಲಿ ಹೊರಬಂದು, ಬಹುದೂರದವರೆಗೆ ಬೆನ್ನಟ್ಟುವುದರಲ್ಲಿ. ಗೂಡಿನ ರಕ್ಷಣೆಗಾಗಿಯಲ್ಲದೆ, ಬೇಟೆಯಾಡುವವುಗಳಂತೆ ಊರೂರು ಅಲೆದು ಜನರನ್ನು ಹುಡುಕಿ ಕೊಲ್ಲುವುದು ಮಾತ್ರ ಚಿತ್ರಕಥೆಗಾರರ ಕಲ್ಪನೆ.