‘ಅರ್ಥ ಆಯ್ತಾ?’ ಎಂದು ಕೇಳಿದರೆ ಸಾಲದೇಕೆ

ಪ್ರಶ್ನೆ: ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಸೂಪರ್‌ವೈಸರ್. ಹುಡುಗರಿಗೆ ಕೆಲಸವನ್ನು ಬಿಡಿಸಿ ಹೇಳುತ್ತೇನೆ, ಕೊನೆಗೆ ‘ಅರ್ಥ ಆಯ್ತಾ?’ ಎಂದು ಕೇಳುತ್ತೇನೆ, ‘ಆಯ್ತು ಸಾರ್’ ಎನ್ನುತ್ತಾರೆ. ಆದರೂ ತಪ್ಪು ಆಗುತ್ತದೆ. ಈಚೆಗೆ ಒಬ್ಬ ಆಪರೇಟರ್‌ಗೆ ‘ಇನ್ನು ಹೊಸ ಡ್ರಾಯಿಂಗ್ ಪ್ರಕಾರ ಮಾಡು’ ಎಂದಿದ್ದೆ. ಅವನು ಮೆಷಿನ್ ಮೇಲಿದ್ದ ಲಾಟನ್ನು (ಒಟ್ಟಿಗೆ ಮಾಡುವ ಒಂದು ಕಂತು ಪೀಸ್‌ಗಳನ್ನು) ಹಳೆಯ ಅಳತೆಯಲ್ಲೇ ಮುಗಿಸಿ, ಮುಂದಿನ ಲಾಟಿನಿಂದ ಹೊಸ ಅಳತೆ ಹಿಡಿದ. ಹಳೆಯ ಅಳತೆಯ ಆ ಇಡೀ ಲಾಟ್ ರಿಜೆಕ್ಟ್ ಆಯಿತು. ಇನ್ನಷ್ಟು ಸ್ಪಷ್ಟವಾಗಿ ಮಾತನಾಡುವುದನ್ನು ಕಲಿಯಲು ಏನು ಮಾಡಬೇಕು?

ಉತ್ತರ: ನಿಮ್ಮ ಮಾತು ಸಾಕಷ್ಟು ಸ್ಪಷ್ಟವಾಗಿಯೇ ಇತ್ತು, ಆಪರೇಟರ್ ಕೂಡ ಅದನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದಾನೆ. ಹೊಸ ಅಳತೆ ಯಾವ ಗಳಿಗೆಯಿಂದ ಜಾರಿಗೆ ಬರಬೇಕು ಎಂಬುದೊಂದನ್ನು ನೀವು ಹೇಳಲಿಲ್ಲ. ಹೇಳಬೇಕೆಂದು ನಿಮಗೆ ತೋಚುವ ಸಂಭವವೂ ಕಡಿಮೆ. ಗ್ರಾಹಕರು ಅಳತೆ ಬದಲಿಸಿದ ಸುದ್ದಿ ನಿಮ್ಮ ತಲೆಯಲ್ಲಿದ್ದುದರಿಂದ, ಹಳೆಯ ಅಳತೆಯ ಒಂದು ಪೀಸ್ ಕೂಡ ಇನ್ನು ಬೇಡ ಎಂಬುದು ನಿಮಗೆ ಹೇಳದೆಯೇ ಗೊತ್ತಿದ್ದ ಸಂಗತಿ. ಅವನಿಗಾದರೋ ಹೇಳದೆಯೇ ಗೊತ್ತಿದ್ದ ಸಂಗತಿ ಬೇರೆ: ನಡೆಯುತ್ತಿರುವ ಲಾಟಿನ ನಡುವೆ ಸೆಟ್ಟಿಂಗ್ ಕೆಡಿಸಬಾರದು, ಕೆಡಿಸಬೇಕಾದರೆ ಮೇಲಿನವರು ಹಾಗೆಂದು ಬಾಯಿಬಿಟ್ಟು ಹೇಳುತ್ತಾರೆ. ನೀವು ಹೇಳಲಿಲ್ಲವಾದ್ದರಿಂದ, ಮುಂದಿನ ಲಾಟಿನಿಂದ ಎಂದೇ ಅವನು ತಿಳಿದ.

ಹೀಗೆ ತಿಳಿದದ್ದು ಅವನ ದಡ್ಡತನವಲ್ಲ. ಬ್ರಿಟಿಷ್ ತತ್ತ್ವಜ್ಞಾನಿ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸಗಳಲ್ಲಿ ಇದನ್ನು ವಿವರಿಸಿದ್ದರು. ಎದುರಿನವರು ಈ ಸಂದರ್ಭಕ್ಕೆ ಬೇಕಾದಷ್ಟನ್ನು, ಬೇಕಾದುದನ್ನೇ ಹೇಳುತ್ತಿದ್ದಾರೆ ಎಂದು ಕೇಳುವವರು ನಂಬಿಕೊಂಡೇ ಕೇಳುತ್ತಾರೆ. ಹೇಳಿದ್ದರಿಂದ ಮಾತ್ರವಲ್ಲ, ಹೇಳದೆ ಬಿಟ್ಟದ್ದರಿಂದಲೂ ಅರ್ಥವನ್ನು ಊಹಿಸಿಕೊಳ್ಳುತ್ತಾರೆ. ಸಾಲ ಕೇಳಿದಾಗ ‘ನೋಡೋಣ’ ಎಂದವರು ಕೊಡುವುದಿಲ್ಲ ಎಂದು ನಮಗೆ ತಿಳಿಯುವುದು ಹೀಗೆಯೇ. ನಮ್ಮ ದಿನನಿತ್ಯದ ಮಾತಿನ ಬಹುಪಾಲು ಈ ಊಹೆಯ ಬಲದಿಂದಲೇ ಸರಾಗವಾಗಿ ನಡೆಯುತ್ತದೆ, ಆದ್ದರಿಂದ ಊಹೆ ಮಾಡಬೇಡ ಎಂದು ಯಾರಿಗೂ ಹೇಳಲಾಗದು.

ಸಂವಹನವೆಂದರೆ ನಮ್ಮಲ್ಲಿ ಬಹುಮಂದಿಗೆ ಅಂಚೆಯಲ್ಲಿ ಪಾರ್ಸೆಲ್ ಕಳಿಸಿದಂತೆ ಎಂಬ ಕಲ್ಪನೆ ಇದೆ: ನನ್ನ ತಲೆಯಲ್ಲಿದ್ದುದನ್ನು ಮಾತಿನಲ್ಲಿ ಕಟ್ಟಿ ಕಳಿಸಿದೆ, ಅವನು ಬಿಚ್ಚಿ ತೆಗೆದುಕೊಂಡ, ದಾರಿಯಲ್ಲಿ ಹಾಳಾಗದಿದ್ದರೆ ಆಯಿತು. ಪಠ್ಯಪುಸ್ತಕಗಳಲ್ಲಿ ಕಾಣುವ ‘ಕಳಿಸುವವರು – ಸಂದೇಶ – ಮಾಧ್ಯಮ – ಪಡೆಯುವವರು’ ಎಂಬ ಚಿತ್ರ ಬಂದದ್ದು ಅಮೆರಿಕದ ಬೆಲ್ ಪ್ರಯೋಗಾಲಯದ ಎಂಜಿನಿಯರ್ ಕ್ಲಾಡ್ ಶಾನನ್ 1948ರಲ್ಲಿ ಪ್ರಕಟಿಸಿದ ಸಿದ್ಧಾಂತದಿಂದ. ಶಾನನ್ ಎದುರಿಗಿದ್ದ ಸಮಸ್ಯೆ, ಗದ್ದಲವಿರುವ ತಂತಿಯಲ್ಲಿ ಸಂಕೇತಗಳನ್ನು ಕೆಡದಂತೆ ದಾಟಿಸುವುದು ಹೇಗೆ ಎಂಬುದು. ಸಂದೇಶದ ಅರ್ಥವೇನು ಎಂಬ ಪ್ರಶ್ನೆಗೂ ತಮ್ಮ ಎಂಜಿನಿಯರಿಂಗ್ ಸಮಸ್ಯೆಗೂ ಸಂಬಂಧವಿಲ್ಲವೆಂದು ಅವರು ಆ ಲೇಖನದ ಆರಂಭದಲ್ಲೇ ಬರೆದಿಟ್ಟಿದ್ದಾರೆ. ದೂರವಾಣಿಗಾಗಿ ಮಾಡಿದ ಚಿತ್ರವನ್ನು ತಂದು ಮನುಷ್ಯರ ಮಾತಿಗೆ ತಗುಲಿಸಿದ್ದು ನಂತರದವರ ಕೆಲಸ, ಮತ್ತು ನನ್ನ ಅಭಿಪ್ರಾಯದಲ್ಲಿ ಅದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚಾಯಿತು. ನಿಮ್ಮ ಆಪರೇಟರ್‌ಗೆ ಒಂದೊಂದು ಪದವೂ ಕೆಡದೆ ತಲುಪಿತ್ತು, ಲಾಟ್ ಉಳಿಯಲಿಲ್ಲ.

ಹೇಳುವವರಿಗೆ ತಮ್ಮ ಮಾತು ಎಷ್ಟು ಅಪೂರ್ಣ ಎಂಬುದು ಒಳಗಿನಿಂದ ಕಾಣಿಸುವುದಿಲ್ಲ ಎಂಬುದನ್ನು 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಎಲಿಜಬೆತ್ ನ್ಯೂಟನ್ ಸರಳವಾದ ಪ್ರಯೋಗವೊಂದರಿಂದ ತೋರಿಸಿದರು. ಎಲ್ಲರಿಗೂ ಪರಿಚಿತವಾದ ಹಾಡೊಂದರ ಲಯವನ್ನು ಒಬ್ಬರು ಬೆರಳಿನಿಂದ ಮೇಜಿನ ಮೇಲೆ ಕುಟ್ಟಬೇಕು, ಇನ್ನೊಬ್ಬರು ಹಾಡು ಯಾವುದೆಂದು ಹೇಳಬೇಕು. ಕುಟ್ಟಿದವರು ಸುಮಾರು ಅರ್ಧದಷ್ಟು ಹಾಡುಗಳಾದರೂ ಗೊತ್ತಾಗುತ್ತವೆ ಎಂದು ನಿರೀಕ್ಷಿಸಿದ್ದರು. 120 ಹಾಡುಗಳಲ್ಲಿ ಗೊತ್ತಾದದ್ದು 3 ಮಾತ್ರ. ಕುಟ್ಟುವವರ ಕಿವಿಯೊಳಗೆ ಇಡೀ ಹಾಡು ಕೇಳಿಸುತ್ತಿರುತ್ತದೆ, ಆಚೆಯವರಿಗೆ ಕೇಳಿಸುವುದು ಬರೀ ಟಕಟಕ ಸದ್ದು. ‘ಇಷ್ಟು ಸಲೀಸಾದದ್ದೂ ತಿಳಿಯುವುದಿಲ್ಲವೇ’ ಎಂಬ ಮೇಲ್ವಿಚಾರಕರ ಸಿಟ್ಟಿನ ಮೂಲವೂ ಇದೇ ಆಗಿರುವುದು ಹೆಚ್ಚು.

ಹಾಗಾದರೆ ಜನ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳುವುದಾದರೂ ಹೇಗೆ? ಮಾತಿನ ನಡುವೆಯೇ ರಿಪೇರಿ ಮಾಡಿಕೊಳ್ಳುತ್ತಾ. ‘ಹಾಂ?’, ‘ಯಾರು?’, ‘ನಾಳೆ ಅಂದ್ರೆ ಬೆಳಗ್ಗೇನಾ?’ ಎಂಬ ಪುಟ್ಟ ಪ್ರಶ್ನೆಗಳೇ ಈ ರಿಪೇರಿಯ ಸಾಧನಗಳು. 2015ರಲ್ಲಿ ಪ್ರಕಟವಾದ, ಜಗತ್ತಿನ ಬೇರೆ ಬೇರೆ ಕಡೆಯ 12 ಭಾಷೆಗಳ ಸಹಜ ಸಂಭಾಷಣೆಗಳನ್ನು ಹೋಲಿಸಿದ ಅಧ್ಯಯನವೊಂದರ ಪ್ರಕಾರ ಇಂಥ ಪ್ರಶ್ನೆ ಸರಾಸರಿ 1.4 ನಿಮಿಷಕ್ಕೊಮ್ಮೆ ಬರುತ್ತದೆ. ಅಲ್ಲದೆ, ಕೇಳುವವರು ತಮಗೆ ಎಷ್ಟು ತಿಳಿದಿದೆಯೋ ಅಷ್ಟನ್ನು ಉಳಿಸಿಕೊಂಡು, ತಿಳಿಯದ ಭಾಗವನ್ನಷ್ಟೇ ಬೆರಳಿಟ್ಟು ಕೇಳಲು ನೋಡುತ್ತಾರೆ. ಏನೂ ಕೈಗೆ ಸಿಗದಾಗ ಮಾತ್ರ ‘ಹಾಂ?’ ಎನ್ನುತ್ತಾರೆ. ಎಂದರೆ ಮನೆಯಲ್ಲಿ, ಗೆಳೆಯರಲ್ಲಿ ಕೆಲವೇ ನಿಮಿಷಗಳ ಮಾತಿಗೂ ಒಂದೆರಡು ರಿಪೇರಿ ಸಹಜ. ನಿಮ್ಮ ಷಾಪ್ ಫ್ಲೋರಿನಲ್ಲಿ ಹತ್ತು ನಿಮಿಷ ಸೂಚನೆ ಕೊಟ್ಟರೂ ಒಂದೂ ಪ್ರಶ್ನೆ ಬರುತ್ತಿಲ್ಲವಾದರೆ, ಅದು ನಿಮ್ಮ ಸ್ಪಷ್ಟತೆಯ ಗುರುತಲ್ಲ. ಕೇಳಿದರೆ ದಡ್ಡನೆಂದುಕೊಂಡಾರು, ಬೈದಾರು ಎಂಬ ಅಳುಕಿನಿಂದ ರಿಪೇರಿ ನಿಂತುಹೋಗಿದೆ ಎಂದು ಅನುಮಾನಿಸುವುದು ಒಳ್ಳೆಯದು. ಮೆಷಿನ್‌ಗಳ ಸದ್ದೂ ಜೊತೆಗಿದೆ. ಎರಡನೆಯ ಸಲ ‘ಏನ್ ಸಾರ್?’ ಎನ್ನಲು ಧೈರ್ಯ ಬೇಕು.

ಹಿರಿಯರೆದುರು ಪ್ರಶ್ನೆ ಅಡಗಿಹೋದರೆ ಏನಾಗಬಹುದು ಎಂಬುದಕ್ಕೆ ವಿಮಾನಯಾನದ ಇತಿಹಾಸದಲ್ಲಿ ಒಂದು ಘೋರ ಉದಾಹರಣೆ ಇದೆ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ, ದಟ್ಟ ಮಂಜಿನಲ್ಲಿ, ಕೆಎಲ್‌ಎಂ ಮತ್ತು ಪ್ಯಾನ್ ಆ್ಯಮ್ ಸಂಸ್ಥೆಗಳ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇ ಮೇಲೆಯೇ ಡಿಕ್ಕಿಯಾಗಿ 583 ಜನ ಸತ್ತರು. ಕೆಎಲ್‌ಎಂ ವಿಮಾನದಿಂದ ರೇಡಿಯೋದಲ್ಲಿ ‘ನಾವೀಗ ಟೇಕ್-ಆಫ್‌ನಲ್ಲಿದ್ದೇವೆ’ ಎಂಬರ್ಥದ ಮಾತು ಬಂತು. ಟೇಕ್-ಆಫ್ ಆಗುವ ಸ್ಥಳದಲ್ಲಿ ಕಾಯುತ್ತಿದ್ದಾರೆ ಎಂದು ಕಂಟ್ರೋಲರ್ ತಿಳಿದರು, ವಿಮಾನವಾಗಲೇ ಓಡತೊಡಗಿತ್ತು. ಅವರು ‘ಓಕೆ’ ಎಂದು ಹೇಳಿ, ಕ್ಷಣ ಬಿಟ್ಟು, ಕಾಯಿರಿ, ನಾನೇ ಕರೆಯುತ್ತೇನೆ ಎಂದು ಸೇರಿಸಿದರು. ಅದೇ ಕ್ಷಣಕ್ಕೆ ಪ್ಯಾನ್ ಆ್ಯಮ್ ಪೈಲಟ್ ಕೂಡ ತಾವಿನ್ನೂ ರನ್‌ವೇಯಲ್ಲಿದ್ದೇವೆ ಎಂದು ಮಾತನಾಡಿದ್ದರಿಂದ ಎರಡೂ ದನಿ ಕಲಸಿ ಸಿಳ್ಳೆಯಂಥ ಸದ್ದಾಯಿತು, ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸ್ವಚ್ಛವಾಗಿ ಕೇಳಿಸಿದ್ದು ‘ಓಕೆ’ ಒಂದೇ. ಆಗ ಫ್ಲೈಟ್ ಎಂಜಿನಿಯರ್, ಆ ಪ್ಯಾನ್ ಆ್ಯಮ್ ವಿಮಾನ ದಾರಿ ಬಿಟ್ಟಿಲ್ಲವೇ ಎಂದು ಕೇಳಿದರು. ನೀವು ಹೇಳುವ ‘ಅರ್ಥ ಆಯ್ತಾ?’ ಎಂಬ ಪ್ರಶ್ನೆಗೆ ನಿಜವಾದ ಉತ್ತರ ಕೊಡುತ್ತಿದ್ದವರು ಅವರು. ಸಂಸ್ಥೆಯ ಅತ್ಯಂತ ಹಿರಿಯರಲ್ಲಿ ಒಬ್ಬರಾಗಿದ್ದ ಕ್ಯಾಪ್ಟನ್ ಬಿಟ್ಟಿದೆ ಎಂದು ಖಡಾಖಂಡಿತವಾಗಿ ಹೇಳಿದರು, ಪ್ರಶ್ನೆ ಅಲ್ಲಿಗೇ ನಿಂತಿತು.

ಆ ಬಳಿಕ ವಿಮಾನಯಾನದ ರೇಡಿಯೋ ಮಾತಿನ ನಿಯಮಗಳನ್ನು ಬಿಗಿಗೊಳಿಸಲಾಯಿತು. ‘ಟೇಕ್-ಆಫ್’ ಎಂಬುದನ್ನು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸಬೇಕು, ಬರೀ ‘ಓಕೆ’ ಸಾಲದು, ಅನುಮತಿಯ ಮುಖ್ಯ ಅಂಶಗಳನ್ನು ಪೈಲಟ್ ತಿರುಗಿ ಹೇಳಲೇಬೇಕು. ಹೆಚ್ಚು ಸ್ಪಷ್ಟವಾಗಿ ಉಚ್ಚರಿಸಿ ಎಂದು ಉಪದೇಶ ಮಾಡಿ ನಿಯಮ ರೂಪಿಸಿದವರು ಸುಮ್ಮನಾಗಲಿಲ್ಲ ಎಂಬುದನ್ನು ಗಮನಿಸಿ.

ನಿಮಗೆ ನಾನು ಹೇಳುವುದೂ ಅದೇ. ‘ಅರ್ಥ ಆಯ್ತಾ?’ ಎಂಬುದಕ್ಕೆ ಕೆಳಗಿನವರು ಕೊಡಬಹುದಾದ ಉತ್ತರ ಒಂದೇ, ಮತ್ತು ಅದು ‘ಕೇಳಿಸಿಕೊಂಡೆ’, ‘ಒಪ್ಪಿದೆ’, ‘ಇನ್ನು ಬಿಡಿ, ಕೆಲಸಕ್ಕೆ ಹೋಗುತ್ತೇನೆ’ ಎಂಬ ಎಲ್ಲವನ್ನೂ ಒಳಗೊಂಡಿದೆ. ಅದರ ಬದಲು ಕೆಲಸದ ಮೇಲೇ ಪ್ರಶ್ನೆ ಹಾಕಿ: ‘ಈಗ ಮೆಷಿನ್ ಮೇಲಿರೋ ಲಾಟಿಗೆ ಏನ್ ಮಾಡ್ತೀಯ?’ ಅವನು ‘ಇದನ್ನ ಮುಗಿಸಿ...’ ಎಂದು ಬಾಯಿ ತೆರೆದ ಕೂಡಲೇ ನಿಮ್ಮ ಲಾಟ್ ಉಳಿಯುತ್ತದೆ. ಪರೀಕ್ಷೆ ಮಾಡುತ್ತಿದ್ದೀರಿ ಅನ್ನಿಸದಿರಲು ‘ನಾನು ಏನಾದ್ರೂ ಬಿಟ್ಟೆನಾ, ಒಂದ್ಸಲ ಹೇಳು’ ಎಂದು ಹೊಣೆಯನ್ನು ನಿಮ್ಮ ಮೇಲೆ ಹಾಕಿಕೊಂಡು ಕೇಳಬಹುದು. ರೋಗಿ ಮಾತ್ರೆ ನುಂಗುವ ಕ್ರಮವನ್ನು ಖಚಿತಪಡಿಸಿಕೊಳ್ಳಲು ವೈದ್ಯರಿಗೂ ನರ್ಸ್‌ಗಳಿಗೂ ಇದೇ ವಿಧಾನವನ್ನು ಕಲಿಸಲಾಗುತ್ತದೆ.

ಹೊಸಬರ ವಿಷಯದಲ್ಲಿ, ಅದರಲ್ಲೂ ಕನ್ನಡ ಬಾರದೆ ಬೇರೆ ರಾಜ್ಯಗಳಿಂದ ಬಂದವರ ವಿಷಯದಲ್ಲಿ, ತಾಳ್ಮೆಗೆ ಇನ್ನೊಂದು ಕಾರಣವಿದೆ. ಮನಶ್ಶಾಸ್ತ್ರಜ್ಞ ಹರ್ಬರ್ಟ್ ಕ್ಲಾರ್ಕ್ ಮತ್ತು ಡಿಯಾನಾ ವಿಲ್ಕ್ಸ್-ಗಿಬ್ಸ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಬ್ಬರಿಗೊಬ್ಬರು ಕಾಣದಂತೆ ಕುಳಿತ ಇಬ್ಬರು ವಿಚಿತ್ರ ಆಕಾರದ 12 ಚಿತ್ರಗಳನ್ನು ಮಾತಿನಿಂದಲೇ ಹೊಂದಿಸಬೇಕಿತ್ತು. ಮೊದಲ ಸುತ್ತಿನಲ್ಲಿ ಒಂದು ಚಿತ್ರವನ್ನು ವಿವರಿಸಲು ಸರಾಸರಿ 40ಕ್ಕೂ ಹೆಚ್ಚು ಪದ ಬೇಕಾದವು, ಆರನೆಯ ಸುತ್ತಿಗೆ 8ರಷ್ಟು ಸಾಕಾದವು. ಉದ್ದದ ವಿವರಣೆ ಸವೆದು ಸವೆದು ಇಬ್ಬರೂ ಒಪ್ಪಿದ ಒಂದು ಅಡ್ಡಹೆಸರಾಗಿತ್ತು. ನಿಮ್ಮಲ್ಲೂ ಪಾರ್ಟ್ ನಂಬರ್ ಬಿಟ್ಟು ‘ಆ ದಪ್ಪ ಮೂತಿದು’ ಎಂಬಂಥ ಹೆಸರುಗಳು ಇದ್ದೇ ಇರುತ್ತವೆ. ಹಳಬರಿಗೆ ಅವು ಸಾಕು. ನಿನ್ನೆ ಸೇರಿದವನ ಜೊತೆ ನೀವು ಮೊದಲ ಸುತ್ತಿನಲ್ಲಿದ್ದೀರಿ.

ಪ್ರಶ್ನೆ: ಸಂವಹನದಲ್ಲಿ ಮಾತಿನ ಪಾಲು ಶೇ 7 ಮಾತ್ರ, ಉಳಿದ ಶೇ 93 ದನಿ ಮತ್ತು ಹಾವಭಾವ ಎಂದು ನಮ್ಮ ಕಚೇರಿಯ ತರಬೇತಿಯಲ್ಲಿ ಹೇಳಿದರು. ನಿಜವೇ?

ಉತ್ತರ: ಅಲ್ಲ. ನಿಜವಾಗಿದ್ದರೆ ಗೊತ್ತಿಲ್ಲದ ಭಾಷೆಯ ಭಾಷಣವನ್ನು ಮುಖ ನೋಡಿಯೇ ಶೇ 93ರಷ್ಟು ತಿಳಿದುಕೊಳ್ಳಬಹುದಿತ್ತು. ಈ ಅಂಕಿಗಳ ಮೂಲ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ ಅವರ 1967ರ ಎರಡು ಪ್ರಯೋಗಗಳು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಒಂದರಲ್ಲಿ ಮುಖದ ಫೋಟೋ ಜೊತೆಗಿಟ್ಟು, ಹೇಳಿದವರಿಗೆ ಎದುರಿನವರು ಇಷ್ಟವೇ ಅಲ್ಲವೇ ಎಂದು ಊಹಿಸಲು ಕೇಳಲಾಗಿತ್ತು. ‘ನನಗೇನೂ ಬೇಜಾರಿಲ್ಲ’ ಎಂದು ಮುಖ ಊದಿಸಿಕೊಂಡು ಹೇಳಿದರೆ ನಾವು ಮುಖವನ್ನೇ ನಂಬುತ್ತೇವೆ ಎಂಬುದು ಅದರ ಸಾರ, ಅಷ್ಟು ಮಾತ್ರ ಸರಿ. ಭಾವನೆ, ಇಷ್ಟಾನಿಷ್ಟಗಳ ಮಾತಿಗಲ್ಲದೆ ಬೇರೆಯದಕ್ಕೆ ಈ ಲೆಕ್ಕ ಅನ್ವಯಿಸದು ಎಂದು ಮೆಹ್ರೇಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ತರಬೇತಿಯ ಸ್ಲೈಡುಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿದ್ದೇನೆ, ಮಗಳು–ಅಳಿಯ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ. ವಿಡಿಯೋ ಕಾಲ್ ಮಾಡಿದಾಗ ಎಲ್ಲರೂ ಒಟ್ಟಿಗೆ ಮಾತನಾಡುತ್ತೇವೆ, ಒಟ್ಟಿಗೆ ನಿಲ್ಲಿಸುತ್ತೇವೆ. ‘ದೀಪಾವಳಿಗೆ ಬರ್ತೀರಿಲ್ಲೋ?’ ಎಂದರೆ ಅಳಿಯಂದಿರು ತಡೆದು ‘ಬರ್ತೀವಿ’ ಎನ್ನುತ್ತಾರೆ. ಮನಸ್ಸಿಲ್ಲದೆ ಹೇಳಿದಂತೆ ಅನ್ನಿಸುತ್ತದೆ.

ಉತ್ತರ: ಅಮ್ಮಾ, ಅಳಿಯಂದಿರ ಮೇಲೆ ಸಂಶಯಪಡುವ ಮೊದಲು ದೂರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಅಂತರವನ್ನು ನೆದರ್‌ಲೆಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು 10 ಭಾಷೆಗಳಲ್ಲಿ ಅಳೆದು 2009ರಲ್ಲಿ ಪ್ರಕಟಿಸಿದರು. ಹೌದು–ಅಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಗಳಲ್ಲಿ ಆ ಅಂತರ ಸರಾಸರಿ 200 ಮಿಲಿಸೆಕೆಂಡ್ ಆಸುಪಾಸು, ಎಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಚಿತ್ರವೊಂದನ್ನು ನೋಡಿ ಅದರ ಹೆಸರು ಹೇಳಲೇ ನಮಗೆ ಸುಮಾರು 600 ಮಿಲಿಸೆಕೆಂಡ್ ಬೇಕು. ಹಾಗಾಗಿ ಎದುರಿನವರ ಮಾತು ಎಲ್ಲಿ ಮುಗಿಯುತ್ತದೆಂದು ಅಂದಾಜಿಸಿ, ಅದು ಮುಗಿಯುವ ಮೊದಲೇ ನಾವು ಉತ್ತರವನ್ನು ಸಿದ್ಧ ಮಾಡಿಕೊಳ್ಳುತ್ತಿರುತ್ತೇವೆ.

ಇಷ್ಟು ನಾಜೂಕಾದ ಹೊಂದಾಣಿಕೆಗೆ ಅಂತರಜಾಲದ ವಿಳಂಬ ಬಂದು ಸೇರುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಇಲ್ಲಿಂದ ಅಲ್ಲಿಗೆ ನೇರ ದೂರವೇ 13–14 ಸಾವಿರ ಕಿಲೋಮೀಟರ್, ಸಮುದ್ರದಡಿಯ ಕೇಬಲ್‌ಗಳ ದಾರಿ ಇನ್ನೂ ಸುತ್ತು. ಹೋಗಲು ಒಮ್ಮೆ, ಬರಲು ಒಮ್ಮೆ, ಜೊತೆಗೆ ದನಿ–ಚಿತ್ರಗಳನ್ನು ಅಡಕ ಮಾಡಿ ಬಿಚ್ಚುವ ಹೊತ್ತು. ಅಳಿಯಂದಿರು ತಡೆಯದೆ ಹೇಳಿದ ‘ಬರ್ತೀವಿ’ ಕೂಡ ನಿಮಗೆ ತಡವಾಗಿಯೇ ಕೇಳುತ್ತದೆ. ಆ ತಡ ನಮಗೆ ಯಂತ್ರದ್ದೆಂದು ತೋರುವುದಿಲ್ಲ, ಮನುಷ್ಯನದೆಂದು ತೋರುತ್ತದೆ: ಒಂದೇ ಒಪ್ಪಿಗೆಯ ಮಾತನ್ನು ಅದರ ಹಿಂದಿನ ಮೌನವನ್ನಷ್ಟೇ ಉದ್ದ ಮಾಡಿ ಕೇಳಿಸಿದಾಗ, ಹೇಳಿದವರಿಗೆ ಅಷ್ಟಾಗಿ ಮನಸ್ಸಿಲ್ಲ ಎಂದು ಕೇಳುಗರು ತೀರ್ಮಾನಿಸಿದ್ದು 2006ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಕಂಡುಬಂದಿದೆ. ನಿಮಗನ್ನಿಸಿದ್ದೂ ಅಕ್ಷರಶಃ ಅದೇ.

ಇನ್ನೊಂದು ನಷ್ಟ ಸದ್ದಿಲ್ಲದೆ ಆಗುತ್ತದೆ. ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಲೇಬೇಕು, ಇಲ್ಲದಿದ್ದರೆ ಕಥೆ ಮುಂದೆ ಹೋಗದು ಎಂಬ ಹಳೆಯ ಕರಾರು ನಿಮಗೆ ಗೊತ್ತಿರುತ್ತದೆ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಜಾನೆಟ್ ಬಾವೆಲಾಸ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗ ಆ ಕರಾರಿನ ಬೆಲೆಯನ್ನು ತೋರಿಸಿತು. ಕೂದಲೆಳೆಯಲ್ಲಿ ಪಾರಾದ ಅನುಭವವನ್ನು ಒಬ್ಬರು ಹೇಳುತ್ತಿದ್ದರೆ, ಕೇಳುವವರಿಗೆ ಟಿ ಅಕ್ಷರದಿಂದ ಶುರುವಾಗುವ ಪದಗಳನ್ನು ಗುಟ್ಟಾಗಿ ಎಣಿಸಲು ಹೇಳಲಾಗಿತ್ತು. ಎಣಿಕೆಯಲ್ಲಿ ಮುಳುಗಿದವರಿಂದ ಕಥೆಗೆ ತಕ್ಕ ‘ಅಯ್ಯೋ’, ‘ಆಮೇಲೆ?’ ಬರಲಿಲ್ಲ, ಹೇಳುವವರ ಕಥೆಯೇ ಕೆಟ್ಟಿತು, ಅದರಲ್ಲೂ ಮೈ ಜುಮ್ಮೆನ್ನಬೇಕಾದ ಕೊನೆಯಲ್ಲಿ. ವಿಡಿಯೋ ಕಾಲ್‌ನಲ್ಲಿ ಸ್ಪೀಕರ್ ಹಾಕಿ ಮಾತನಾಡುವಾಗ, ಪ್ರತಿಧ್ವನಿ ಬಾರದಂತೆ ತಡೆಯುವ ತಂತ್ರಾಂಶ ಇಂಥ ಸಣ್ಣ ಸದ್ದುಗಳನ್ನೂ ಅಡಗಿಸಿಬಿಡುವುದುಂಟು. ಮಗಳು ಅಲ್ಲಿ ಹೂಂಗುಟ್ಟುತ್ತಿದ್ದರೂ ನಿಮಗೆ ಕೇಳುವುದು ಮೌನ. ಕ್ಯಾಮೆರಾ ಪರದೆಯ ಮೇಲಂಚಿನಲ್ಲಿರುವುದರಿಂದ ನಿಮ್ಮ ಮುಖವನ್ನೇ ನೋಡುತ್ತಿರುವವರ ಕಣ್ಣೂ ಕೆಳಗೆಲ್ಲೋ ನೋಡಿದಂತೆ ಕಾಣುತ್ತದೆ.

ಎರಡೂ ಕಡೆ ಇಯರ್‌ಫೋನ್ ಬಳಸಿದರೆ ಸಣ್ಣ ದನಿಗಳು ಹೆಚ್ಚು ಉಳಿಯುತ್ತವೆ. ಹೂಂಗುಟ್ಟುವುದನ್ನು ತಲೆಯಾಡಿಸಿ ತೋರಿಸಬಹುದು. ಪ್ರಶ್ನೆ ಕೇಳುವಾಗ ಯಾರನ್ನು ಕೇಳುತ್ತಿದ್ದೀರೋ ಅವರ ಹೆಸರು ಹಿಡಿದು ಕೇಳಿ, ಕೇಳಿದ ಮೇಲೆ ಪೂರ್ತಿ ಒಂದು ಸೆಕೆಂಡ್ ಸುಮ್ಮನಿರಿ. ದೀಪಾವಳಿಯ ವಿಷಯ ಇನ್ನೂ ಕೊರೆಯುತ್ತಿದ್ದರೆ ‘ಬರ್ತೀರಿಲ್ಲೋ’ ಎನ್ನುವ ಬದಲು, ಯಾವ ತಾರೀಕಿಗೆ ಟಿಕೆಟ್ ನೋಡುತ್ತಿದ್ದೀರಿ ಎಂದು ಕೇಳಿ.