ಬಿಲ್ ಎರಡು, ಗುಂಡಿ ಒಂದೇ

ಪ್ರಶ್ನೆ: ವೇಮಗಲ್‌ನಲ್ಲಿ ನಮ್ಮದು ವಾಹನ ಬಿಡಿಭಾಗಗಳ ಕಾರ್ಖಾನೆ, ತುಮಕೂರಿನ ವಸಂತನರಸಾಪುರದಲ್ಲಿ ಇನ್ನೊಂದು ಘಟಕ. ಯಂತ್ರಗಳ ಲೆಕ್ಕದ ಸರ್ವರ್ ಕಾರ್ಖಾನೆಯಲ್ಲೇ ಇದೆ, ಬಿಲ್ಲಿಂಗ್ ಮುಂಬೈ ಕ್ಲೌಡಿನಲ್ಲಿದೆ. ಬೇರೆ ಬೇರೆ ಕಂಪನಿಯವರಿಂದ ಎರಡು ಲೈನ್ ತಗೊಂಡಿದ್ದರೂ ಕಳೆದ ತಿಂಗಳ ಕೊನೆಗೆ ಎರಡೂ ಒಟ್ಟಿಗೆ ನಾಲ್ಕು ಗಂಟೆ ಹೋದವು. ಇ-ವೇ ಬಿಲ್ ಇಲ್ಲದೆ ಲಾರಿಗಳು ಗೇಟಿನಲ್ಲೇ ನಿಂತವು. ಯಜಮಾನರು ‘ಹೈದರಾಬಾದಿನಲ್ಲೂ ಒಂದು ಕ್ಲೌಡ್ ಇಟ್ಟುಬಿಡಿ’ ಅಂತಿದ್ದಾರೆ. ಇಟ್ಟರೆ ಸಾಕಾ ಸರ್?
– ಹೆಸರು ಬೇಡ ಎಂದಿರುವ ಐಟಿ ಉಸ್ತುವಾರಿ, ಕೋಲಾರ

ಉತ್ತರ: ಹೈದರಾಬಾದ್ ಆಮೇಲೆ, ಮೊದಲು ಗೇಟಿನ ಹೊರಗೆ ಬನ್ನಿ. ಆವತ್ತು ಮುಂಬೈಗೆ ಏನೂ ಆಗಿರಲಿಲ್ಲ, ನೀವು ಅಲ್ಲಿಗೆ ತಲುಪಲಿಲ್ಲ ಅಷ್ಟೆ. ಹೈದರಾಬಾದ್ ಇದ್ದಿದ್ದರೆ ಅದನ್ನೂ ತಲುಪುತ್ತಿರಲಿಲ್ಲ.

ಓಎಫ್‌ಸಿ (ಫೈಬರ್ ಕೇಬಲ್) ಜಾಯಿಂಟ್ ಹಾಕಿಸಿಕೊಂಡೇ ಇಪ್ಪತ್ತು ವರ್ಷ ಕಳೆದವನು ನಾನು. ಜೆಸಿಬಿ ಬಕೆಟ್ ಒಂದು ಸಲ ಇಳಿದರೆ ಮೂರು ಕಂಪನಿಯ ಕೇಬಲ್ ಒಟ್ಟಿಗೆ ಮೇಲೆ ಬರುವುದನ್ನು ನರಸಾಪುರದ ಹತ್ತಿರ ಕಣ್ಣಾರೆ ಕಂಡಿದ್ದೇನೆ. ಒಬ್ಬರು ಗುಂಡಿ ತೋಡಿ ಪೈಪ್ ಹಾಕುತ್ತಾರೆ, ಮಿಕ್ಕವರು ಅದರಲ್ಲೇ ಬಾಡಿಗೆಗೆ ಜಾಗ ಹಿಡಿಯುತ್ತಾರೆ. ನಿಮಗೆ ಬಿಲ್ ಮಾತ್ರ ಎರಡು. ಇಬ್ಬರಿಂದಲೂ ಕೇಬಲ್ ಹಾದುಹೋಗುವ ದಾರಿಯ ಕೆಎಂಎಲ್ ಫೈಲ್ ಕೇಳಿ ಪಡೆದು, ಗೂಗಲ್ ಅರ್ತ್‌ನಲ್ಲಿ ಒಂದರ ಮೇಲೊಂದು ಹಾಕಿ ನೋಡಿ. ಕೊಡುವುದಿಲ್ಲ ಅಂದರೆ ಗುಂಡಿ ಒಂದೇ ಅಂತಲೇ ಲೆಕ್ಕ ಹಾಕಿ. 4ಜಿ ರೂಟರ್ ಇದೆಯಲ್ಲ ಅಂತ ಸಮಾಧಾನ ಪಡಬೇಡಿ, ಟವರಿಗೆ ಬರುವ ಫೈಬರ್ ಕೂಡ ಅದೇ ಗುಂಡಿಯದಾಗಿರಬಹುದು.

ಬೆಂಗಳೂರಿನ ಮುಖವನ್ನೇ ನೋಡುತ್ತ ಕೂತ ನಮಗೆ ಹೊಳೆಯದ ಒಂದು ಅನುಕೂಲ ಕೋಲಾರಕ್ಕಿದೆ: ನಾವಿರುವುದು ಬೆಂಗಳೂರು–ಚೆನ್ನೈ ದಾರಿಯಲ್ಲಿ. ಒಂದು ಲೈನ್ ಎಚ್. ಕ್ರಾಸ್, ವಿಜಯಪುರ, ದೇವನಹಳ್ಳಿ ಮೇಲೆ ಬೆಂಗಳೂರಿಗೆ ಹೋಗಲಿ, ಇನ್ನೊಂದು ಮುಳಬಾಗಿಲು ದಾಟಿ ಚೆನ್ನೈಗೆ. ದೊಡ್ಡ ಕ್ಲೌಡ್ ಕಂಪನಿಗಳಿಗೆ ನೇರ ಲೈನ್ (ಇಂಟರ್ನೆಟ್ ಮುಟ್ಟದೆ ಹೋಗುವ ಸ್ವಂತ ಲೈನ್) ಜೋಡಿಸುವ ಕೇಂದ್ರಗಳು ಎರಡೂ ಊರಲ್ಲಿವೆ. ಎರಡೂ ನೇರ ಲೈನ್ ಅಂದರೆ ದುಬಾರಿ ಆಗುತ್ತದೆ, ಗೊತ್ತು. ಹಾಗಿದ್ದರೆ ಬೆಂಗಳೂರಿನದು ನೇರ ಲೈನ್ ಆಗಲಿ, ಚೆನ್ನೈ ಕಡೆಯದು ಇಂಟರ್ನೆಟ್ ಮೇಲಿನ ವಿಪಿಎನ್ ಇರಲಿ, ಅಂದರೆ ಇಂಟರ್ನೆಟ್ಟಿನೊಳಗೇ ಬೀಗ ಹಾಕಿದ ಸುರಂಗ. ನಿಮ್ಮದು ಅಮೆಜಾನ್ ಕ್ಲೌಡ್ ಅಂತಿಟ್ಟುಕೊಂಡು ಹೇಳುತ್ತೇನೆ. ಅಮೆಜಾನಿನ ಸಾಮಾನ್ಯ ವಿಪಿಎನ್ ಟನಲ್ ಒಂದರಲ್ಲಿ 1.25 ಗಿಗಾಬಿಟ್‌ವರೆಗೆ ಹೋಗುತ್ತದೆ. ನಿಮ್ಮ ಬಿಲ್ಲಿಂಗಿಗೆ ಅದು ಧಾರಾಳ. ರೂಟರ್ ಎರಡಿರಲಿ, ಒಂದೇ ಯುಪಿಎಸ್‌ಗೆ ಸಿಕ್ಕಿಸಬೇಡಿ.

ಇನ್ನು ಲೈನ್ ಸತ್ತದ್ದು ರೂಟರಿಗೆ ಗೊತ್ತಾಗಬೇಕಲ್ಲ. ನಡುವೆ ಬೇರೆಯವರ ಸ್ವಿಚ್ ಇದ್ದರೆ, ಮುಂದೆಲ್ಲೋ ಕೇಬಲ್ ತುಂಡಾದರೂ ನಿಮ್ಮ ಪೋರ್ಟಿನ ದೀಪ ಉರಿಯುತ್ತಲೇ ಇರುತ್ತದೆ. ರೂಟರುಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಬಿಜಿಪಿ ತನ್ನ ಹೋಲ್ಡ್ ಟೈಮರ್ (ಕಾಯುವ ಗಡುವು) ಮುಗಿಯುವ ತನಕ ಕಾಯುತ್ತದೆ; ಅನೇಕ ರೂಟರುಗಳಲ್ಲಿ ಅದು 180 ಸೆಕೆಂಡ್. ಆ ಮೂರು ನಿಮಿಷ ಕಳಿಸಿದ್ದೆಲ್ಲ ನೀರಿನಲ್ಲಿ ಹೋಮ. ನೇರ ಲೈನಿನಲ್ಲಿ ಬಿಎಫ್‌ಡಿ ಹಾಕಿಸಿ, ಅದು ಲೈನ್ ಬದುಕಿದೆಯಾ ಅಂತ ಬೇಗ ಬೇಗ ಕೇಳುವ ವ್ಯವಸ್ಥೆ. 300 ಮಿಲಿಸೆಕೆಂಡಿಗೊಮ್ಮೆ ‘ಇದ್ದೀಯಾ?’ ಅನ್ನುತ್ತದೆ, ಮೂರು ಸಲ ಸದ್ದಿಲ್ಲದಿದ್ದರೆ ದಾರಿ ಬದಲಿಸುತ್ತದೆ.

ನೀವು ಕೇಳದಿದ್ದರೂ ಒಂದು ಮಾತು. ವೇಮಗಲ್‌ನಲ್ಲೂ ತುಮಕೂರಿನಲ್ಲೂ 192.168.1 ಅಂತಲೇ ನೆಟ್‌ವರ್ಕ್ ವಿಳಾಸ ಇಟ್ಟಿರುತ್ತೀರಿ, ನಾನು ನೋಡದೆಯೇ ಹೇಳಬಲ್ಲೆ. ಎರಡು ಮನೆಗೆ ಒಂದೇ ಡೋರ್ ನಂಬರ್ ಇದ್ದರೆ ಪೋಸ್ಟ್‌ಮ್ಯಾನ್ ಏನು ಮಾಡಬೇಕು? ವೇಮಗಲ್‌ಗೆ 10.20, ತುಮಕೂರಿಗೆ 10.30, ಮುಂಬೈಗೆ 10.40, ಹೈದರಾಬಾದಿಗೆ 10.50 ಅಂತ ಈಗಲೇ ಹಂಚಿಬಿಡಿ.

ಈಗ ಯಜಮಾನರ ಹೈದರಾಬಾದ್. ಅಮೆಜಾನಿನ ಮುಂಬೈ ರೀಜನ್ (ಒಂದು ಊರಿನ ಕ್ಲೌಡ್ ಕೇಂದ್ರಗಳ ಗುಂಪು) 2016ರಲ್ಲಿ ಬಂತು, ಹೈದರಾಬಾದಿನದು 2022ರಲ್ಲಿ. ಮುಂಬೈ ರೀಜನ್ನಿನ ಒಳಗೇ ಮೂರು ಜೋನ್‌ಗಳಿವೆ, ಅಂದರೆ ಒಂದು ಕೆಟ್ಟರೆ ಇನ್ನೊಂದು ನಡೆಯಲಿ ಅಂತ ಬೇರೆ ಬೇರೆ ಇಟ್ಟ ಡೇಟಾ ಸೆಂಟರುಗಳು. ಮೊದಲು ಬಿಲ್ಲಿಂಗನ್ನು ಎರಡು ಜೋನ್‌ಗಳಲ್ಲಿ ಇಡಿ. ಆಮೇಲೂ ದುಡ್ಡು ಉಳಿದರೆ ಹೈದರಾಬಾದ್. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬೈ–ಹೈದರಾಬಾದ್ ಕೇಬಲ್ ದಾರಿ 800 ಕಿಲೋಮೀಟರ್ ಅಂತಿಟ್ಟುಕೊಳ್ಳಿ, ಹೋಗಿಬರುವುದಕ್ಕೇ 8 ಮಿಲಿಸೆಕೆಂಡ್ ಬೇಕು. ಪ್ರತಿ ಎಂಟ್ರಿಯೂ ಎರಡೂ ಕಡೆ ಬರೆದಾದ ಮೇಲೇ ‘ಆಯ್ತು’ ಅನ್ನಬೇಕೆಂದರೆ ಪ್ರತಿ ಸಲವೂ ಅಷ್ಟು ತೆರಬೇಕು. ಬೇಡವೆಂದರೆ ನಕಲು ಸ್ವಲ್ಪ ಹಿಂದೆ ಬರುತ್ತದೆ, ಮುಂಬೈ ಮುಳುಗಿದ ದಿನ ಕೊನೆಯ ಕೆಲವು ಸೆಕೆಂಡಿನ ಬಿಲ್ ಕಳೆದುಹೋಗಬಹುದು. ಅದಕ್ಕೆ ಯಜಮಾನರ ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎರಡೂ ಬದುಕಿದ್ದು ನಡುವಿನ ಲೈನ್ ಮಾತ್ರ ಹೋದರೆ, ಹೈದರಾಬಾದ್ ‘ಮುಂಬೈ ಸತ್ತಿತು, ಇನ್ನು ನಾನೇ ಹಿರಿಯ’ ಅಂದುಕೊಂಡು ಬಿಲ್ ಹಾಕಲು ಶುರು ಮಾಡುತ್ತದೆ. ಅತ್ತ ಮುಂಬೈಯೂ ಹಾಕುತ್ತಲೇ ಇರುತ್ತದೆ. ಒಂದೇ ನಂಬರಿನ ಎರಡು ಇನ್‌ವಾಯ್ಸ್! ಒಂದು ಆರ್ಥಿಕ ವರ್ಷದಲ್ಲಿ ಇನ್‌ವಾಯ್ಸ್ ನಂಬರ್ ಮತ್ತೆ ಬರಬಾರದು ಅನ್ನುತ್ತದೆ ಜಿಎಸ್‌ಟಿ ನಿಯಮ; ನಿಮ್ಮ ಆಡಿಟರ್ ಕೂಗಾಟ ನನಗೆ ಇಲ್ಲಿಗೇ ಕೇಳಿಸುತ್ತಿದೆ. ನಿಮ್ಮ ಗಾತ್ರದ ಕಂಪನಿಗೆ ಆ ಬದಲಾವಣೆ ತಾನಾಗೇ ಆಗುವುದು ಬೇಡ. ರೂಟರ್ ತಾನಾಗಿ ದಾರಿ ಬದಲಿಸಲಿ, ಡೇಟಾಬೇಸನ್ನು ಮಾತ್ರ ಒಬ್ಬ ಮನುಷ್ಯ ಮುಂಬೈಯದನ್ನು ನಿಲ್ಲಿಸಿದ್ದೇನೆ ಅಂತ ಖಾತ್ರಿ ಮಾಡಿಕೊಂಡೇ ಬದಲಿಸಲಿ. ಹತ್ತು ನಿಮಿಷ ತಡವಾದರೂ ಪರವಾಗಿಲ್ಲ.

ಇದೆಲ್ಲ ಮಾಡಿದ ಮೇಲೆ ತಿಂಗಳಿಗೊಮ್ಮೆ ಕೇಬಲ್ ಕಿತ್ತು ನೋಡಬೇಕು. ಹಿಂದೆ ನಾನಿದ್ದ ಒಂದು ಕಡೆ ಬದಲಿ ಲೈನ್ ಏಳು ತಿಂಗಳಿಂದ ಸತ್ತು ಬಿದ್ದಿತ್ತು. ಅಸಲಿ ಲೈನ್ ಹೋದ ದಿನವೇ ಅದು ತಿಳಿದದ್ದು. ಆ ಏಳೂ ತಿಂಗಳು ಬಿಲ್ ಕಟ್ಟಲು ಸಹಿ ಹಾಕಿದವನು ನಾನೇ. ನೀವು ಲಾರಿ ಇಲ್ಲದ ಭಾನುವಾರ ನೋಡಿ ಶುರು ಮಾಡಿ. ಯಾವ ಕೇಬಲ್ ಕೀಳಬೇಕು ಅನ್ನುವುದನ್ನು ನೀವು ಆರಿಸಬೇಡಿ, ಯಜಮಾನರನ್ನು ಕರೆದು ಅವರ ಕೈಯಲ್ಲೇ ಕೀಳಿಸಿ.